ತೊಳೆದ ಕಸ

"ಥೂ ಮುಂಡೇದೆ, ತೊಳಿ ಅಂದ್ರೆ ಹಿಂಗಾ ಪಳಪಳ ಅನ್ನಂಗೆ ತೊಳ್ಯೋದು? ಈಗ ಅಂಗ್ಡಿಯಿಂದ ತಂದಂಗವೆ ಬಾಟ್ಲಿಗಳು! ಒಸಿ ಮಣ್ಣು ಮೆತ್ತೆ!"

ಹೀಗೆ ಬೈದವರು ಜಗನ್ ಸಾರ್. ಶಾಲೆಯ ಮ್ಯಾನೇಜರು, ಚೇರ್ಮನ್ ದೊಡ್ಡಮುನಿಯಪ್ಪನವರ ಒಬ್ಬನೇ ಮಗ. ಹಿಂದಿನ ದಿನ ಇದೇ ಬಾಯಿ, "ದೊಡ್ಡೋರ ಮಕ್ಳು ಮುಟ್ಟೋದು, ಔಷಧಿ ನೀರಲ್ಲಿ ಅದ್ದಿ ಅದ್ದಿ ತೊಳಿ" ಅಂದಿತ್ತು. ನಾನು ಕುಕ್ಕರಗಾಲಲ್ಲಿ ಕೂತು ತೊಳೆದ ಬಾಟಲಿಗಳಿಗೆ ಮಣ್ಣು ಮೆತ್ತತೊಡಗಿದೆ. ಆ ಮಣ್ಣೂ ಜರಡಿ ಹಿಡಿದದ್ದು. ಕಸಕ್ಕೂ ಇಂಥ ಯೋಗ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಏಳನೇ ಕ್ಲಾಸಿನ ಮಕ್ಕಳು ಅಂಡಮಾನಿನ ದ್ವೀಪಕ್ಕೆ ಹೊರಟಿದ್ದರು, ಪ್ರಕೃತಿ ಕಾಪಾಡುವುದನ್ನು ಕಲಿಯಲು. ಅಲ್ಲಿ ಹವಳ ನೋಡಬೇಕು, ಕಡಲ ದಂಡೆಯ ಪ್ಲಾಸ್ಟಿಕ್ ಹೆಕ್ಕಬೇಕು. ಹೆಕ್ಕಿ ಅಭ್ಯಾಸವಿಲ್ಲದ ಕೈಗಳಲ್ಲವೇ, ಅದಕ್ಕೆ ಮೊದಲು ಶಾಲೆಯ ಮೈದಾನದಲ್ಲೊಂದು ರಿಹರ್ಸಲ್. ಗರುಡಾಚಾರ್‌ಪಾಳ್ಯದ ಈ ಮೈದಾನ ಮೊದಲು ಕೆರೆಯಂಗಳ. ನಮ್ಮತ್ತೆ ಇಲ್ಲಿ ಸೊಪ್ಪು ಕೊಯ್ದವರು. ದೊಡ್ಡಮುನಿಯಪ್ಪನವರು ಲಾರಿಗಟ್ಟಲೆ ಮಣ್ಣು ಹೊಡೆಸಿ ಶಾಲೆ ಕಟ್ಟಿದರು. ಈಗ ಮಕ್ಕಳಿಗೆ ನೀರು ತೋರಿಸಬೇಕೆಂದರೆ ವಿಮಾನ ಹತ್ತಿಸಬೇಕು.

ನಾನು ಇಂದಿರಾನಗರದಲ್ಲಿ ಮನೆಮನೆಯ ಕಸ ಎತ್ತುವವಳು. ಖಾದರ್ ನಮ್ಮ ಕಸದ ಆಟೋ ಓಡಿಸುತ್ತಾನೆ. ಬಾಟಲಿ ತಂದು ತೊಳೆದು ಹರಡುವ ಕೆಲಸ ನಮ್ಮ ತಲೆಗೇ ಬಂತು. ಆಗಲ್ಲ ಅನ್ನುವಂತಿರಲಿಲ್ಲ. ನನ್ನ ಮಗಳು ನಂದಿತಾ ಬಡಮಕ್ಕಳ ಸೀಟಿನಲ್ಲಿ ಅದೇ ಏಳನೇ ಕ್ಲಾಸಿನಲ್ಲಿದ್ದಳು.

ಕಡಲಿನ ಬಗ್ಗೆ ಪರೀಕ್ಷೆ ಇಟ್ಟಿದ್ದರು. ಮೊದಲು ಬಂದವರಿಗೆ ದ್ವೀಪ ಪುಕ್ಕಟೆ. ನಂದಿತಾ ಮೊದಲು ಬಂದಳು. ಅಂದಿನಿಂದ ಅನ್ನ ಬಡಿಸಿದರೆ ಕಡಲಾಮೆ, ಜಡೆ ಹೆಣೆದರೆ ಹವಳ.

"ಅಮ್ಮ, ಹವಳ ಕಲ್ಲಲ್ಲ ಕಣಮ್ಮ, ಜೀವ. ಅದನ್ನ ಯಾರೂ ಮುಟ್ಬಾರ್ದು."

"ಹಂಗಾರೆ ನಮ್ಮ ಪೈಕಿದೇ ಬಿಡು," ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ರಿಹರ್ಸಲ್ ಎರಡು ದಿನ ಇದೆ ಅನ್ನುವಾಗ ಪ್ರಿನ್ಸಿಪಾಲ್ ಹಂಸ ಮೇಡಂ ಕರೆಸಿದರು. ಚೇರ್ಮನ್ನರ ಸೊಸೆ, ಬಲು ಮೃದು ಮಾತು. ಜಗನ್ ಸಾರ್ ಚಪ್ಪಲಿಯಲ್ಲಿ ಹೊಡೆದರೆ ಈಯಮ್ಮ ರೇಷ್ಮೆ ಸುತ್ತಿ ಹೊಡೆಯುತ್ತಾರೆ.

"ನಂದಿತಾ ನಮ್ಮ ಹೆಮ್ಮೆ, ಭಾಗ್ಯಲಕ್ಷ್ಮಿ. ಒಂದೇ ಒಂದು ಸಣ್ಣ ವಿಷ್ಯ. ಅಲ್ಲಿ ಹೆಕ್ಕಿದ್ದನ್ನ ಬೇರೆ ಬೇರೆ ಮಾಡ್ಬೇಕಲ್ಲ. ಉಳಿದ ಮಕ್ಕಳಿಗೆ ಅಲರ್ಜಿ ಅದೂ ಇದೂ ಇರುತ್ತೆ. ನಂದಿತಾಗೆ ಮನೇಲೇ ರೂಢಿ ಇದೆ ನೋಡಿ. ಅವಳು ಅದನ್ನ ನೋಡ್ಕೊಳ್ಳಲಿ."

"ಹವಳ ನೋಡಕ್ಕೆ ನೀರಿಗಿಳಿಸ್ತೀರಲ್ವಾ ಮೇಡಂ?"

"ಟೈಮ್ ಸಿಕ್ಕಿದ್ರೆ ಖಂಡಿತ. ಮಲಗೋದಕ್ಕೆ ಆಯಾಗಳ ರೂಮು. ರೂಮ್ ಹಂಚ್ಕೊಳೋದು ಅಂದ್ರೆ ಪೇರೆಂಟ್ಸ್ ಸ್ವಲ್ಪ... ನಿಮಗೆ ಅರ್ಥ ಆಗುತ್ತೆ."

ಅರ್ಥವಾಗದೆ ಏನು? ಹುಟ್ಟಿದಾಗಿನಿಂದ ಅರ್ಥವಾಗುತ್ತಲೇ ಇದೆ. ಮಿಕ್ಕ ಮಕ್ಕಳಿಗೆ ನೀರೊಳಗೆ ನೋಡುವ ಕನ್ನಡಕ ಕೊಟ್ಟರು, ನನ್ನ ಮಗಳಿಗೆ ರಬ್ಬರ್ ಗ್ಲೌಸ್. ಮನೆಗೆ ಬಂದು, "ಬೇಡ ಕಣೆ, ಹೋಗ್ಬೇಡ" ಅಂದೆ.

ನಂದಿತಾ ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹೋಗ್ತೀನಮ್ಮ. ಕಸ ಆರ್ಸೇ ಹೋಗ್ತೀನಿ. ನಾನು ಯಾರ್ ಮಗ್ಳು ಅಂತ ಮೀನು ಕೇಳುತ್ತಾ?"

ನಾನು ಆ ಗ್ಲೌಸನ್ನು ಅವಳ ಚೀಲಕ್ಕೆ ಹಾಕಿದೆ.

ರಿಹರ್ಸಲ್ ದಿನ ಶಾಮಿಯಾನ, ಕ್ಯಾಮೆರಾ, ಎಳನೀರು. ದೊಡ್ಡಮುನಿಯಪ್ಪನವರು ಮುಂದಿನ ಸೋಫಾದಲ್ಲಿ. ಇಂದಿರಾನಗರದ ಲೈನು ಮುಗಿಸಿ ನಾವು ಆಟೋ ಸಮೇತ ಬಂದಿದ್ದೆವು. ಬಾಟಲಿ ವಾಪಸು ಒಯ್ಯಬೇಕಲ್ಲ. ಗೇಟಿನ ಹತ್ತಿರ ನಿಲ್ಲಿಸಿದ್ದಕ್ಕೆ ಜಗನ್ ಸಾರ್, "ಗಬ್ಬು ನಾತ, ಆ ಸಾಬಿಗೆ ಹಿಂದುಗಡೆ ಹಾಕಕ್ಕೇಳು" ಅಂದರು. ಖಾದರ್ ಆಟೋ ಹಿಂದಕ್ಕೊಯ್ದ.

ಮಕ್ಕಳು ನೀಲಿ ಅಂಗಿ ತೊಟ್ಟು ತಲಾ ಒಂದೆರಡು ಬಾಟಲಿ ಹೆಕ್ಕಿದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಹಂಸ ಮೇಡಂ ಮೈಕಿನಲ್ಲಿ, "ಈಗ ನಂದಿತಾ ಕಸ ಬೇರ್ಪಡಿಸೋದು ತೋರಿಸ್ತಾಳೆ. ಇದು ಅವಳಿಗೆ ರಕ್ತದಲ್ಲೇ ಬಂದಿರೋ ವಿದ್ಯೆ" ಅಂದರು. ಮಕ್ಕಳು ಕಿಸಕ್ಕೆಂದರು. ಒಬ್ಬ ಮೂಗು ಹಿಡಿದು ತೋರಿಸಿದ.

ನಂದಿತಾ ಮುಂದೆ ಬಂದವಳು ಬಾಟಲಿ ರಾಶಿ ನೋಡಿದಳು, ಆ ಹುಡುಗನನ್ನು ನೋಡಿದಳು.

"ಮೇಡಂ, ಇದು ಅಮ್ಮ ತೊಳ್ದಿರೋದು. ಇದ್ರಲ್ಲಿ ಬೇರೆ ಮಾಡಕ್ಕೆ ಏನಿದೆ? ನಿಜವಾದ್ದು ಆಟೋದಲ್ಲಿದೆ, ತರ್ತೀನಿ."

ಯಾರೂ ತಡೆಯುವುದರೊಳಗೆ ಓಡಿದಳು. ಕರಿ ಚೀಲವೊಂದನ್ನು ದರದರ ಎಳೆದುಕೊಂಡು ಬಂದಳು. ಅದು ಬೆಳಿಗ್ಗೆ ಇಂದಿರಾನಗರದಲ್ಲಿ ಚೇರ್ಮನ್ನರ ಮನೆ ಗೇಟಿನಿಂದ ನಾನೇ ಎತ್ತಿದ ಚೀಲ. ಕಸ ವಿಂಗಡಿಸಿ ಕೊಡಿ ಎಂದು ಕೇಳಿ ಕೇಳಿ ಸೋತು, ಅದೊಂದನ್ನು ಬೇರೆ ಇಟ್ಟಿದ್ದೆ. ಯಾರ ಮನೆಯದೆಂದು ನಂದಿತಾಗೂ ಹೇಳಿದ್ದೆ.

ಸೋಫಾದ ಸುತ್ತಲೂ ಸುರುವಿದಳು. ಹಳಸಿದ ಅನ್ನ, ಕೋಳಿ ಮೂಳೆ, ಮಗುವಿನ ಡೈಪರು, ಒಡೆದ ಗಾಜಿನ ಲೋಟ, ಎಲ್ಲ ಒಂದರೊಳಗೊಂದು ಕಲಸಿಕೊಂಡಿದ್ದವು.

"ನಿಮ್ಮನೇದೇ ಸಾರ್. ಹಸಿ ಯಾವ್ದು, ಒಣ ಯಾವ್ದು ತೋರಿಸಿ," ಅಂದಳು. "ಹೋದ್ವಾರ ಇಂಥದ್ದೇ ಗಾಜು ನಮ್ಮಮ್ಮನ ಕೈ ಕುಯ್ತು."

ದೊಡ್ಡಮುನಿಯಪ್ಪನವರು ಕಾಲು ಸೋಫಾ ಮೇಲಕ್ಕೆ ಎತ್ತಿಕೊಂಡರು. "ಯಾವ್ಳಲೇ ಈ ಬೇವರ್ಸಿ! ಸೀಟು ಕೊಟ್ಟಿದ್ಕೆ ತಲೆ ಮೇಲೇ ಉಚ್ಚೆ ಹುಯ್ತಾವೆ! ಕ್ಯಾಮ್ರಾ ಆಫ್ ಮಾಡ್ರೋ!"

ಜಗನ್ ಸಾರ್ ನನ್ನ ರಟ್ಟೆ ಹಿಡಿದು ಎಳೆದು ತಂದರು.

"ಬಾಚೇ. ಈಗಿಂದೀಗ್ಲೇ ಬಾಚಿ ಕಾಲಿಗೆ ಬಿದ್ರೆ ನಿನ್ ಮಗ್ಳು ಐಲ್ಯಾಂಡಿಗೆ ಹೋಗ್ತಾಳೆ. ಇಲ್ಲಾಂದ್ರೆ ಐಲ್ಯಾಂಡೂ ಇಲ್ಲ, ಸ್ಕೂಲೂ ಇಲ್ಲ."

ಸುಳ್ಳೇಕೆ ಹೇಳಲಿ, ನಾನು ಬಗ್ಗಿದೆ. ಇಷ್ಟು ವರ್ಷ ಬಾಚಿದವಳಿಗೆ ಇನ್ನೊಂದು ರಾಶಿ ಏನು ಮಹಾ? ಮಗಳು ಕಡಲು ನೋಡಲಿ, ಆ ಹವಳವನ್ನು ಕಣ್ಣಾರೆ ನೋಡಲಿ, ಅಷ್ಟೇ ಇದ್ದದ್ದು ನನ್ನ ತಲೆಯಲ್ಲಿ. ಮೂಳೆಗೆ ಕೈ ಹಾಕಿದೆ.

ಬಿಳಿ ಕ್ಯಾನ್ವಾಸ್ ಶೂ ಹಾಕಿದ ಕಾಲೊಂದು ರಾಶಿಯ ನಡುವೆ ಬಂದು ನಿಂತಿತು. ನಂದಿತಾ.

"ಮುಟ್ಬೇಡಮ್ಮ."

"ಕಡ್ಲು ಕಣೆ..." ಅಂದೆ.

"ಬ್ಯಾಡ." ಅವಳ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಕಾಲು ಮಾತ್ರ ತೆಗೆಯಲಿಲ್ಲ. "ನೀನು ಮುಟ್ಟಿದ್ರೆ ನಾನು ನಿನ್ನ ಮಾತೇ ಆಡ್ಸಲ್ಲ."

ನಾನು ಎದ್ದು ನಿಂತೆ. ಜಗನ್ ಸಾರ್ ಶಾಲೆಯ ಆಯಾ ಮುನಿವೆಂಕಟಮ್ಮನನ್ನು ಕೂಗಿದರು. ಆಕೆ ಮೆಟ್ಟಿಲ ಮೇಲೆ ಕೂತು ಡಬ್ಬಿ ಮುಚ್ಚಳ ತೆಗೆದಳು. "ಊಟ ಮಾಡ್ತಿವ್ನಿ ಸಾ," ಅಂದಳು. ಜಗನ್ ಸಾರ್ ನೀಲಿ ಅಂಗಿಯ ಮಕ್ಕಳತ್ತ ತಿರುಗಿದರು. ಮಕ್ಕಳು ಒಂದೊಂದೇ ಹೆಜ್ಜೆ ಹಿಂದೆ ಸರಿದರು.

ಬಿಸಿಲು ಏರುತ್ತಿತ್ತು. ಸೋಫಾದ ಮೇಲೆ ಕಾಲು ಮಡಚಿ ಕೂತ ದೊಡ್ಡಮುನಿಯಪ್ಪನವರ ಸುತ್ತ ಅವರದೇ ಮನೆಯ ಕಸ ಹರಡಿತ್ತು, ನೊಣ ಮುತ್ತುತ್ತಿತ್ತು. ಇಳಿಯಲು ಅವರಿಗೆ ದಾರಿ ಇರಲಿಲ್ಲ.