ಇಟಗಿ ಸಾಹೇಬರ ಹೆಸರು ಹೊತ್ತ ಹಲಗೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನಮ್ಮ ಬ್ಯಾಂಕಿನ ಗದಗ ಶಾಖೆಯಲ್ಲಿ ತಿಜೋರಿಯ ಎರಡೂ ಕೀಲಿಗಳು ಒಬ್ಬರದೇ ಕೈಯಲ್ಲಿದ್ದಾಗ ತಪಾಸಣಾಧಿಕಾರಿ ಒಳಗೆ ಬಂದರು.

ನಾನು ಅಲ್ಲಿನ ಮ್ಯಾನೇಜರರ ಮೇಜಿನ ಮೇಲಿದ್ದ ನಾಮಫಲಕ. ಸಾಗವಾನಿ ಹಲಗೆ, ಹಿತ್ತಾಳೆ ಅಕ್ಷರ. ಹುಟ್ಟಿದ್ದು 1989ರಲ್ಲಿ, ಹುಬ್ಬಳ್ಳಿಯ ಬಡಿಗರ ಅಂಗಡಿಯಲ್ಲಿ. 'ರಾಜಶೇಖರ ಇಟಗಿ' ಎಂಬ ಹೆಸರನ್ನು ಮೊಳೆ ಹೊಡೆದು ಕೂರಿಸಿದರು. ಹುದ್ದೆಯನ್ನು ಮಾತ್ರ ಬೇರೆ ಪಟ್ಟಿಯಲ್ಲಿ ಬರೆದು ಕೆಳಗಿನ ಸೀಳಿನಲ್ಲಿ ತೂರಿಸಿದರು.

"ಸಾಹೇಬ್ರು ಮ್ಯಾಲ ಮ್ಯಾಲ ಹೋಗಾವ್ರದಾರ. ಪಟ್ಟಿ ಬದಲಿಸಿದ್ರ ಆತು" ಎಂದ ಬಡಿಗ.

ತಿಜೋರಿಯ ನಿಯಮ ಸರಳ. ಒಂದು ಕೀಲಿ ಮ್ಯಾನೇಜರರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ್ ಬಳಿ. ಮ್ಯಾನೇಜರ್ ಹೊರಗೆ ಹೋದರೆ ತಮ್ಮ ಕೀಲಿಯನ್ನು ಬೇರೊಬ್ಬ ಅಧಿಕಾರಿಗೆ, ಪುಸ್ತಕದಲ್ಲಿ ಸಹಿ ಮಾಡಿ, ಕೊಡಬೇಕು. ಆ ದಿನ ಇಟಗಿಯವರಿಗೆ ಅವಸರ. ವಲಯ ಮುಖ್ಯಸ್ಥರು ರೈಲಿಗೆ ಬರುವವರಿದ್ದರು, ಹಾರ ತಂದಾಗಿತ್ತು.

"ಶಕುಂತಲಾಬಾಯಿ, ಇದನ್ನ ಇಟಗೊಳ್ರಿ" ಎಂದು ಹೆಡ್ ಕ್ಯಾಷಿಯರ್ ಶಕುಂತಲಾ ಕಲ್ಮಠ ಅವರಿಗೆ ಕೀಲಿ ಚಾಚಿದರು.

"ಸರ್, ಪುಸ್ತಕದಾಗ ಸಹಿ?"

"ಒಂದ್ ತಾಸಿಗೆ ಎಂಥಾ ಸಹೀರಿ? ನಿಮ್ಮ ಮ್ಯಾಲ ನನಗ ನಂಬಿಗಿ ಐತಿ."

ತಪಾಸಣೆಯಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ಆದರೆ ನಿಯಮ ಮುರಿದಿತ್ತು. ಇಟಗಿಯವರು ನನ್ನ ಪಕ್ಕದಲ್ಲೇ ಕುಳಿತು ವಿವರಣೆ ಬರೆದರು: ಕೀಲಿಯನ್ನು ಡ್ರಾಯರ್‌ನಲ್ಲಿ ಇಟ್ಟಿದ್ದೆ, ಆಕೆ ಕೇಳದೆ ತೆಗೆದುಕೊಂಡಿದ್ದಾರೆ. ನಾನು ಒಂದೂವರೆ ಅಡಿ ದೂರದಲ್ಲಿದ್ದೆ. ಹಲಗೆಯ ಸಾಕ್ಷ್ಯವನ್ನು ಯಾರು ಕೇಳುತ್ತಾರೆ?

ಶಕುಂತಲಾ ಅಧಿಕಾರಿ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿದ್ದರು. ಅದು ರದ್ದಾಯಿತು. ಎರಡು ವರ್ಷ ವೇತನ ಬಡ್ತಿ ನಿಂತಿತು. ನನ್ನ ಪಟ್ಟಿ ಬದಲಾಯಿತು: ಪ್ರಾದೇಶಿಕ ವ್ಯವಸ್ಥಾಪಕ. ಆರು ವರ್ಷಕ್ಕೆ ಉಪ ಮಹಾ ಪ್ರಬಂಧಕ. ಆಮೇಲೆ ಮಹಾ ಪ್ರಬಂಧಕ, ಸಿಬ್ಬಂದಿ ವಿಭಾಗ. ಆ ಪ್ರಕರಣದ ಒಂದು ಸಾಲೂ ಇಟಗಿಯವರ ಸೇವಾ ಕಡತದಲ್ಲಿ ಇರಲಿಲ್ಲ.

2006ರಲ್ಲಿ ಶಕುಂತಲಾ ಪರೀಕ್ಷೆಯನ್ನು ಮತ್ತೆ ಪಾಸು ಮಾಡಿ ಸಂದರ್ಶನಕ್ಕೆ ಬಂದರು. ಮೇಜಿನ ಆಚೆ ಮೂವರು. ನಡುವೆ ಇಟಗಿ, ಅವರ ಮುಂದೆ ನಾನು. ಹಳೆಯ ಪ್ರಕರಣ ನೆನೆದು ಇಟಗಿ ಎದ್ದು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಚಿಕೆಯಿಲ್ಲದೆ ಪ್ರಶ್ನೆಯನ್ನೂ ಅವರೇ ಕೇಳಿದರು.

"ತಿಜೋರಿ ಜಂಟಿ ಕಸ್ಟಡಿ ಅಂದ್ರೇನ್ರಿ?"

"ಎರಡು ಕೀಲಿ, ಇಬ್ಬರ ಕಡೆ ಇರಬೇಕ್ರಿ ಸರ್. ಗದಗಿನ್ಯಾಗ ಆ ಇಬ್ಬರೊಳಗ ಒಬ್ರು ತಾವ ಇದ್ರಿ."

ಉಳಿದಿಬ್ಬರು ಕಾಗದದಿಂದ ತಲೆಯೆತ್ತಿದರು. "ಆತು, ನೀವು ಹೋಗ್ರಿ" ಎಂದರು ಇಟಗಿ. ಇಪ್ಪತ್ತೈದಕ್ಕೆ ನಾಲ್ಕು ಅಂಕ ಬರೆದರು. ಪಾಸಿಗೆ ಹತ್ತು ಬೇಕಿತ್ತು. ಉಳಿದಿಬ್ಬರು ಅದರ ಕೆಳಗೆ ಸಹಿ ಹಾಕಿದರು.

ಇಟಗಿಯವರ ಬೀಳ್ಕೊಡುಗೆಯಲ್ಲಿ 'ಕಳಂಕರಹಿತ ಸೇವೆ' ಎಂದು ಐದು ಜನ ಭಾಷಣ ಮಾಡಿದರು. ಶಾಲು ಮನೆಗೆ ಹೋಯಿತು. ನಾನು ಪ್ರಧಾನ ಕಚೇರಿಯ ಉಗ್ರಾಣಕ್ಕೆ ಬಂದೆ. ಇಲ್ಲಿ ಗೆದ್ದಲಿದೆ. ಈ ಹೆಸರನ್ನು ಇಷ್ಟು ವರ್ಷ ಎದೆಯ ಮೇಲೆ ಹೊತ್ತೆನಲ್ಲ ಎಂಬ ಸಿಟ್ಟು ಅದಕ್ಕಿಂತ ಹೆಚ್ಚು ಕೊರೆಯುತ್ತದೆ.

ಆ ನಾಲ್ಕು ಅಂಕದ ವಿರುದ್ಧ ಶಕುಂತಲಾ ಆಗಲೇ, 2006ರಲ್ಲೇ, ಮೇಲ್ಮನವಿ ಸಲ್ಲಿಸಿದ್ದರು. ಅದು ನಿಯಮದಂತೆ ಸಿಬ್ಬಂದಿ ವಿಭಾಗದ ಮಹಾ ಪ್ರಬಂಧಕರ ಮೇಜಿಗೆ ಬಂತು. ಇಟಗಿಯವರು ಮೂರನೇ ದಿನ ಅದನ್ನು ತಿರಸ್ಕರಿಸಿದರು.