ಎಲ್ಲಿ ಕೂತಿದೆ?

ಲೇಸರ್ ಎಂಬುದು ಭಾರೀ ಚಂಚಲ ಪ್ರಾಣಿ. ಕೋಣೆ ಒಂದಿಷ್ಟು ಬಿಸಿಯಾದರೆ ಸಾಕು, ಅದರ ಬಣ್ಣ ಕೂದಲೆಳೆಯಷ್ಟು ಜಾರಿಬಿಡುತ್ತದೆ. ಪರಮಾಣುಗಳೋ ಶುದ್ಧ ಹಟಮಾರಿಗಳು. ತಮ್ಮದಲ್ಲದ ಬಣ್ಣವನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೇ ಗಾಜಿನ ಕೊಳವೆಯಲ್ಲಿ ತುಂಬಿಟ್ಟ ಪರಮಾಣುಗಳ ಮೂಲಕ ಬೆಳಕು ಹಾಯಿಸಿ, ಪರದೆಯ ಗೆರೆಯಲ್ಲಿ ಕಾಣುವ ಒಂದು ತಗ್ಗಿಗೆ ಲೇಸರನ್ನು ಕಟ್ಟಿಹಾಕಬೇಕು. ಕಟ್ಟು ಬಿದ್ದರೆ ಆ ಪ್ರಯೋಗಾಲಯದಲ್ಲಿ ಎಲ್ಲರದೂ ಒಂದೇ ಮಾತು, "ಕೂತಿತು." ಮಾರ್ಗದರ್ಶಕರಾದ ಮೇಷ್ಟ್ರು ಬಾಗಿಲಲ್ಲೇ ಕೇಳುವುದೂ ಅಷ್ಟೇ: "ಏನಮ್ಮಾ, ಕೂತಿದೆಯಾ?"

ಸಂಶೋಧಕಿ ನಾಲ್ಕು ತಿಂಗಳಿಂದ ದಿನಾ "ಕೂತಿದೆ ಸರ್" ಎನ್ನುತ್ತಿದ್ದಳು. ಲಾಗ್‌ಬುಕ್ಕಿನಲ್ಲೂ ಹಾಗೇ ಬರೆಯುತ್ತಿದ್ದಳು. ಆರು ವರ್ಷದ ದುಡಿಮೆಯ ಕೊನೆಯ ಅಳತೆಗಳವು. ಶುಕ್ರವಾರ ಪ್ರಬಂಧ ಒಪ್ಪಿಸಿದರೆ ಡಾಕ್ಟರೇಟ್ ಕೈಗೆ ಬಂದಂತೆಯೇ. ಸಾಕಿ ಬೆಳೆಸಿದ ಚಿಕ್ಕಮ್ಮ, ಬಟ್ಟೆ ಹೊಲಿಯುವಾಕೆ, ಅಂಗಡಿಗೆ ಬೀಗ ಜಡಿದು ಪ್ರಯೋಗಾಲಯ ನೋಡಲು ಬಂದಿದ್ದಳು.

"ಇಷ್ಟು ವರ್ಷ ಇದರ ಜೊತೆ ಸಂಸಾರ ಮಾಡಿದ್ದಾ? ಸರಿಹೋಯ್ತು!"

"ಮೇಜು ಮುಟ್ಟಬೇಡ ಚಿಕ್ಕಮ್ಮಾ, ಈಗಷ್ಟೇ ಕೂತಿದೆ."

"ಕೂತಿದೆ ಅಂತೀಯಲ್ಲ, ಎಲ್ಲೇ ಕೂತಿರೋದು? ಈ ಪರದೇಲಿ ಮೂರು ತಗ್ಗಿದೆ."

ಮೂರರಲ್ಲಿ ಎರಡು ನಿಜದವು. ನಡುವಿನದು ಅವೆರಡರಿಂದ ಹುಟ್ಟುವ ಹುಸಿ ತಗ್ಗು. ಆ ಬಣ್ಣ ಪರಮಾಣುವಿನದೇ ಅಲ್ಲ. ಆದರೆ ಎಲ್ಲಕ್ಕಿಂತ ಆಳವಾದದ್ದು ಅದೇ. ಲೇಸರ್ ಕೂರಬೇಕಾದ ಬಲಗಡೆಯದನ್ನು ತೋರಿಸಲು ಬೆರಳೆತ್ತಿದ ಸಂಶೋಧಕಿ ಹಾಗೇ ನಿಂತುಬಿಟ್ಟಳು. ಲೇಸರು ನಡುವಿನದರಲ್ಲಿತ್ತು.

ಅಯ್ಯೋ ದೇವರೇ! ದಿನಾ ಅಲ್ಲೇ ಇದ್ದಿದ್ದರೆ ಲೆಕ್ಕದಲ್ಲಿ ತಿದ್ದಬಹುದಿತ್ತು. ಅವಳು ಲಾಗ್‌ಬುಕ್ ತಿರುವಿಹಾಕಿದಳು. ಯಾವ ದಿನ ಯಾವ ತಗ್ಗು ಎಂದು ಒಂದು ಪುಟದಲ್ಲೂ ಇರಲಿಲ್ಲ. ಒಂದೊಂದು ದಿನ ಅನಿಲದ ಒಂದೊಂದು ಒತ್ತಡದಲ್ಲಿ ಅಳೆದದ್ದು, ತಗ್ಗಿನ ತಪ್ಪು ಯಾವುದು, ಒತ್ತಡದ ಫಲ ಯಾವುದು ಎಂದು ಈಗ ಬಿಡಿಸುವ ಹಾಗೂ ಇಲ್ಲ. ಅಂಕಿಗಳು ಚೆದುರಿದ್ದವು ನಿಜ. ಯಂತ್ರದ ಚಾಳಿ ಎಂದುಕೊಂಡು ಸರಾಸರಿ ತೆಗೆದಿದ್ದಳು. ಅಳು ಒತ್ತರಿಸಿ ಬಂತು.

ವಿಷಯ ತಿಳಿದ ಚಿಕ್ಕಮ್ಮ ದನಿ ತಗ್ಗಿಸಿದಳು. "ಬೇರೆ ಯಾರಿಗಾದ್ರೂ ಗೊತ್ತಾಗತ್ತಾ?"

"ಇಲ್ಲ."

"ಹಾಗಾದ್ರೆ ಶುಕ್ರವಾರ ಕಳೀಲಿ ಬಿಡೆ, ಆಮೇಲೆ ನೋಡ್ಕೊಂಡ್ರಾಯ್ತು."

ಅವಳಿಗೂ ಹಾಗೇ ಅನಿಸಿತು. ಒಂದು ನಿಮಿಷವಲ್ಲ, ಪೂರಾ ಅರ್ಧ ಗಂಟೆ ಅನಿಸಿತು. ಕೊನೆಗೆ ಕಣ್ಣೊರೆಸಿಕೊಂಡು, "ಹೊಟ್ಟೇಲಿಟ್ಕೊಂಡ್ರೆ ಅರಗಲ್ಲ ಚಿಕ್ಕಮ್ಮಾ," ಎಂದು ಮೇಷ್ಟ್ರ ಕೋಣೆಗೆ ನಡೆದಳು.

ಮೇಷ್ಟ್ರು ಪೂರ್ತಿ ಕೇಳಿದರು. ಬೈಯಲಿಲ್ಲ. ಎದ್ದು ಬೀರುವಿನಿಂದ ತಮ್ಮದೇ ಹಳೆಯ ಲಾಗ್‌ಬುಕ್ಕೊಂದನ್ನು ತೆಗೆದು, ಒಂದೊಂದೇ ಪುಟ ಮಗುಚಿದರು. ಅವರಿಗೆ ಹೆಸರು ತಂದುಕೊಟ್ಟ ಅಳತೆಗಳ ಮೊದಲ ವರ್ಷದ್ದು ಅದು. ಬೆರಳು ಪ್ರತಿ ತಾರೀಖಿನ ಮುಂದೂ 'ಕೂತಿದೆ' ಎಂಬ ಅದೇ ಒಂದು ಪದದ ಮೇಲೆ ನಿಲ್ಲುತ್ತಿತ್ತು.

"ಹೀಗೆ ಬರೆಯೋದನ್ನ ನಿಂಗೆ ಕಲಿಸಿದ್ದೇ ನಾನಲ್ವೇನಮ್ಮಾ," ಎಂದರು. ಪುಸ್ತಕ ಮುಚ್ಚಿಟ್ಟು, "ನಿಂದು ನಾಲ್ಕು ತಿಂಗಳು. ನಂದು ಹನ್ನೊಂದು ವರ್ಷ."

ಬೈಸಿಕೊಳ್ಳಲೆಂದೇ ಬಂದಿದ್ದವಳಿಗೆ ಈಗ ಅವರ ಮುಖ ನೋಡಲಾಗಲಿಲ್ಲ. ಬೀರುವಿನಿಂದ ಮುಂದಿನ ವರ್ಷದ ಪುಸ್ತಕ ಇಳಿಸಿಕೊಂಡು ಅವರ ಮೇಜಿನ ಮೇಲೆ ಬಿಚ್ಚಿದಳು.

"ಇದನ್ನ ನಾನು ನೋಡ್ತೀನಿ ಸರ್."