ಕ್ಲೆಪೊನ್ ಇವತ್ತೂ ತಿನ್ನಲಿಲ್ಲ

೧

ಎಲ್ಲಿಂದ ಶುರು ಮಾಡಲಿ ಹೇಳಿ.

"ವೆನಿಂಗ್ ಹಾವು ತಂದಳು" ಅಂತ ಬರೆದೆ. ಮೂರು ಪದಕ್ಕೇ ಕಥೆ ಮುಗಿದುಹೋಯಿತು. ಯಾಕೆಂದರೆ ಬಂದ ಹಾವು ಆಮೇಲೆ ಏನೂ ಮಾಡಲಿಲ್ಲ. ಕಚ್ಚಲಿಲ್ಲ, ಬುಸ್ಸೆನ್ನಲಿಲ್ಲ, ತಪ್ಪಿಸಿಕೊಂಡು ಹೋಗಿ ಯಾರ ಹಾಸಿಗೆಯಲ್ಲೂ ಮಲಗಲಿಲ್ಲ. ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಸುತ್ತಿಕೊಂಡು, ತಲೆಯನ್ನು ಸುತ್ತಿನೊಳಗೆ ತುರುಕಿ ಕೂತುಬಿಟ್ಟಿತು. ಮುಖ್ಯ ಪಾತ್ರವೇ ಮುಷ್ಕರ ಹೂಡಿದರೆ ಬರೆಯುವವನು ಏನು ಮಾಡಬೇಕು?

ಎರಡನೇ ಡ್ರಾಫ್ಟು "ಅನಾದಿ ಕಾಲದಿಂದಲೂ ಮನುಷ್ಯನಿಗೂ ಸರ್ಪಕ್ಕೂ" ಎಂದು ಶುರುವಾಗಿತ್ತು. ಅದನ್ನು ಹರಿದು ಹಾಕಿದ್ದಕ್ಕೆ ನೀವು ನನಗೊಂದು ಕಾಫಿ ಕೊಡಿಸಬೇಕು.

(ನೀವು ಕನ್ನಡದವರು. ಹಾವು ಅಂದ ಕೂಡಲೇ ಹುತ್ತ, ಹಾಲು, ಅರಿಶಿನ, ಹನ್ನೆರಡು ವರ್ಷದ ದ್ವೇಷ, ಎಲ್ಲವೂ ತಲೆಯೊಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತವೆ. ದಯವಿಟ್ಟು ಎಬ್ಬಿಸಿ ಕಳಿಸಿ. ಇದಕ್ಕೆ ಹೆಡೆಯಿಲ್ಲ, ವಿಷವಿಲ್ಲ. ಹೆಬ್ಬಾವಿನ ಕುಲದ ಒಂದು ಬಡಪಾಯಿ ಜಾತಿ. ಹೆದರಿದರೆ ಉಂಡೆಯಾಗುತ್ತದೆ. ಅದಕ್ಕೇ ವೆನಿಂಗ್ ಅದಕ್ಕೆ ಕ್ಲೆಪೊನ್ ಎಂದು ಹೆಸರಿಟ್ಟಳು. ಕ್ಲೆಪೊನ್ ಅಂದರೆ ಒಳಗೆ ಬೆಲ್ಲ, ಮೇಲೆ ಕಾಯಿತುರಿ ಇರುವ ಅಕ್ಕಿಹಿಟ್ಟಿನ ಉಂಡೆ. ನಮ್ಮ ಓಣಿಯಲ್ಲಿ ಬೆಳಿಗ್ಗೆ ಮಾರಲು ಬರುತ್ತದೆ.)

೨

ಮೂರನೇ ಡ್ರಾಫ್ಟು. ಸದ್ಯಕ್ಕೆ ಇದೇ ಇರಲಿ.

ಕಡಲಾಚೆಯ ಯೋಗ್ಯಕರ್ತಾ ಊರಿನ ಹಳೆಯ ಓಣಿಯೊಂದರಲ್ಲಿ ವೆನಿಂಗ್ ಬಟ್ಟೆ ಹೊಲಿಯುತ್ತಾಳೆ. ಮುಂದಿನ ಕೋಣೆಯೇ ಅಂಗಡಿ. ಬೆಳಗಾದರೆ ತೆರೆದ ಬಾಗಿಲು ಕತ್ತಲಾಗುವವರೆಗೂ ತೆರೆದೇ ಇರುತ್ತದೆ. ಹೋಗಿಬರುವವರೆಲ್ಲ ಒಂದು ಕಾಲು ಒಳಗಿಟ್ಟು ಕೇಳುವುದು ಎರಡೇ ಪ್ರಶ್ನೆ: ಊಟ ಆಯ್ತಾ? ಮದುವೆ ಯಾವಾಗ? ಮೊದಲನೆಯದಕ್ಕೆ "ಆಯ್ತು" ಎನ್ನುತ್ತಾಳೆ, ಎರಡನೆಯದಕ್ಕೆ ನಗುತ್ತಾಳೆ. ಮೂವತ್ತೆಂಟು ದಾಟಿದ ಮೇಲೆ ನಗುವುದಕ್ಕೂ ದವಡೆ ನೋಯುತ್ತದೆ.

ಒಂದು ಭಾನುವಾರ ಊರ ಮೈದಾನದಲ್ಲಿ ಹಾವು ಸಾಕುವವರ ಗುಂಪು ಸೇರಿತ್ತು. ತೇಜೊ ಎಂಬ ಉದ್ದಕೂದಲಿನ ಮನುಷ್ಯ ಫೋಟೋಗೆಂದು ಅವಳ ಕೈಗೊಂದು ಹಾವು ಕೊಟ್ಟ. ಅದು ಅವಳ ಮಣಿಕಟ್ಟಿಗೆ ಸುತ್ತಿಕೊಂಡು ಸುಮ್ಮನಾಯಿತು. ಏನೂ ಕೇಳಲಿಲ್ಲ. ವೆನಿಂಗ್‌ಗೆ ಅಳು ಬಂತು. ಅದನ್ನು ಅಲ್ಲೇ ಕೊಂಡು ಮನೆಗೆ ತಂದಳು.

("ಅಳು ಬಂತು ಅಂತ ಯಾಕೆ ಬರೆದ್ರಿ ಮಾಸ್?" ಎಂದಳು ವೆನಿಂಗ್. ನಾನು ಅವಳ ಎದುರುಮನೆಯ ಬಾಡಿಗೆದಾರ, ಅವಳ ಬಾಯಲ್ಲಿ ಮಾಸ್, ಅಂದರೆ ಅಣ್ಣ. ಬರೆದದ್ದನ್ನು ಓದಿ ಹೇಳಿದ್ದು ನನ್ನದೇ ತಪ್ಪು.

"ಬಂದಿತ್ತಲ್ಲ?"

"ಬಂದಿತ್ತು. ಅದನ್ನ ಊರಿಗೆಲ್ಲ ಸಾರ್ಬೇಕಾ? ಹೊಡೆದು ಹಾಕಿ."

ಹೊಡೆದು ಹಾಕಲಿಲ್ಲ.)

೩

ತೇಜೊ ಹೇಳಿಕೊಟ್ಟದ್ದು ಸರಳವಾಗಿತ್ತು. "ಪೆಟ್ಟಿಗೆ ಒಳಗೆ ಒಂದು ಕತ್ಲೆ ಗೂಡು, ಒಂದು ಬಟ್ಟಲು ನೀರು. ಸತ್ತ ಇಲೀನ ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡೀರಿ. ತಿನ್ನದಿದ್ರೆ ತೆಗೆದ್ಬಿಡಿ, ಒಂದು ವಾರ ಅದರ ಮುಖ ನೋಡ್ಬೇಡಿ. ಇದನ್ನ ಸಾಕೋದು ಅಂದ್ರೆ ಸುಮ್ನಿರೋದು ಅಷ್ಟೇ ಅಕ್ಕಾ."

ಸುಮ್ಮನಿರುವುದು! ಈ ಓಣಿಯಲ್ಲಿ!

ಸತ್ತ ಇಲಿಯನ್ನು ಮುಟ್ಟಲು ವೆನಿಂಗ್‌ಗೆ ಹೇಸಿಗೆಯಾಯಿತು, ಜೀವಂತ ಇಲಿ ತಂದಳು. ಆ ಬಿಳಿ ಇಲಿ ಪೆಟ್ಟಿಗೆಯನ್ನೆಲ್ಲ ಒಂದು ಸುತ್ತು ಹಾಕಿ, ಕ್ಲೆಪೊನ್‌ನ ಬೆನ್ನಿನ ಮೇಲೆ ಹತ್ತಿ ಕೂತು ಮುಖ ತೊಳೆದುಕೊಂಡಿತು. ಕ್ಲೆಪೊನ್ ಇನ್ನಷ್ಟು ಬಿಗಿಯಾಗಿ ಉಂಡೆಯಾಯಿತು. ಇಲಿ ಎಲ್ಲಿ ಹಾವನ್ನೇ ಕಚ್ಚೀತೋ ಎಂದು ವೆನಿಂಗ್ ಇಲಿಯನ್ನು ಎತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿದ್ದ ಮೇಲೆ ಅದಕ್ಕೂ ಹೊಟ್ಟೆಗೆ ಬೇಕಲ್ಲ, ಕಾಳು ಹಾಕಿದಳು. ಈಗ ಅವಳು ಇಲಿಯನ್ನೂ ಸಾಕುತ್ತಿದ್ದಾಳೆ, ಅದು ದಿನೇ ದಿನೇ ದಪ್ಪಗಾಗುತ್ತಿದೆ.

ಕೊನೆಗೆ ಹೇಸಿಗೆ ನುಂಗಿಕೊಂಡು ಫ್ರಿಜ್ಜಿನಲ್ಲಿ ಸೋಯಾಕಾಳಿನ ತಿನಿಸಾದ ತೆಂಪೆಯ ಪಕ್ಕ ಸತ್ತ ಇಲಿಗಳ ಪೊಟ್ಟಣ ಇಟ್ಟಳು. ಇಕ್ಕಳ ಹಿಡಿದು ಮೊಣಕಾಲೂರಿ ಕೂತಳು. ಕ್ಲೆಪೊನ್ ತಲೆ ಎತ್ತಿತು, ನಾಲಗೆ ಚಾಚಿತು, ಆಹಾ, ಇನ್ನೇನು—

"ಊಟ ಆಯ್ತೇನೋ ಇವನ್ದು?" ಬಾಗಿಲಲ್ಲಿ ಬು ಪಾರ್ಜಿ.

ಉಂಡೆ.

೪

ಬು ಪಾರ್ಜಿ (ಬು ಎಂದರೆ ಅಮ್ಮ) ನಮ್ಮ ಓಣಿಯ ಮುಖ್ಯಸ್ಥರ ಹೆಂಡತಿ, ಅಂದರೆ ನಿಜವಾದ ಮುಖ್ಯಸ್ಥರು. ಯಾವ ಜೀವವೂ ಹಸಿದಿರುವುದನ್ನು ನೋಡಲಾರದ ಹೆಂಗಸು. ದಿನಕ್ಕೆರಡು ಸಲ ಬಂದು, ಮುಚ್ಚಳ ಎತ್ತಿ, ಬೆರಳಲ್ಲಿ ಉಂಡೆಯನ್ನು ತಿವಿದು ವಿಚಾರಿಸುತ್ತಿದ್ದರು. "ನಮ್ಮ ಉಪವಾಸಕ್ಕಾದ್ರೆ ಸಂಜೆಗೊಂದು ಮುಕ್ತಾಯ ಇರುತ್ತೆ. ಇದ್ಯಾವ ವ್ರತನೇ ಇವನ್ದು? ಅಲ್ಲಾ ಮಗಳೇ, ಕನಸಲ್ಲಿ ಹಾವು ಕಚ್ಚಿದ್ರೇ ಗಂಡು ಸಿಗ್ತಾನಂತೆ. ನೀನು ನಿಜವಾದ್ದೇ ತಂದಿಟ್ಕೊಂಡಿದ್ದೀಯ, ಕಚ್ಚಿಸ್ಕೊಂಡ್ಬಿಡು ಒಂದ್ಸಲ!"

ವೆನಿಂಗ್ ನಕ್ಕಳು. ದವಡೆ ನೋಯಿತು.

ಹೀಗಿರುವಾಗ ಕ್ಲೆಪೊನ್‌ನ ಕಣ್ಣು ಹಾಲಿನಂತೆ ಬೆಳ್ಳಗಾದವು. ಹಾವು ಪೊರೆ ಬಿಡುವ ಮುಂಚೆ ಹಾಗಾಗುವುದು ಸಹಜ. ಆದರೆ ಮೊದಲ ಸಲ ಹಾವು ಸಾಕಿದವಳಿಗೆ ಅದು ಗೊತ್ತಿರಬೇಕಲ್ಲ? "ಅಯ್ಯೋ, ಇದಕ್ಕೇನೋ ಆಗಿದೆ" ಎಂದು ಬಾಯಿ ತಪ್ಪಿ ಬು ಪಾರ್ಜಿಯ ಮುಂದೆಯೇ ಅಂದುಬಿಟ್ಟಳು.

ರೋಗಿಯನ್ನು ನೋಡಲು ಒಬ್ಬೊಬ್ಬರೇ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಓಣಿಗೆ ಓಣಿಯೇ ಎದ್ದು ಹೋಗಬೇಕು. ಮರುದಿನ ಹೆಂಗಸರೆಲ್ಲ ಒಳ್ಳೆಯ ಬಟ್ಟೆ ಉಟ್ಟು, ಸಕ್ಕರೆ, ಚಹಾಪುಡಿ, ಬ್ರೆಡ್ಡು ಹಿಡಿದು ಬಂದರು. ಚಾಪೆ ಹಾಸಿ ಕೂತರು. ಮಸೀದಿಯ ಪಕ್ಕದ ಮನೆಯಜ್ಜಿ ಸಣ್ಣದೊಂದು ಪ್ರಾರ್ಥನೆಯನ್ನೂ ಹೇಳಿದರು. ಆಮೇಲೆ ಸರದಿಯಲ್ಲಿ ಮುಚ್ಚಳ ಎತ್ತಿ ನೋಡಿದರು. "ಸೊರಗಿದಾನೆ ಪಾಪ." "ಬೆನ್ನೆಲುಬು ಕಾಣ್ತಿದೆ ನೋಡಿ." "ನನ್ನ ಮೈದುನನಿಗೂ ಕೊನೇ ದಿನಗಳಲ್ಲಿ ಹಿಂಗೇ ಆಗಿತ್ತು." ವೆನಿಂಗ್ ಅಷ್ಟೂ ಜನಕ್ಕೆ ಚಹಾ ಮಾಡಿ, ಕಡಲೆಕಾಯಿ ಹುರಿದು, ಲೋಟ ತೊಳೆದು ಸುಸ್ತಾದಳು. ಹೊಲಿಯಬೇಕಾದ ಬಟ್ಟೆ ಹಾಗೇ ಉಳಿಯಿತು.

(ನಾನು ಎಲ್ಲಿದ್ದೆ ಎಂದಿರಾ? ಚಾಪೆಯ ಮೇಲೆ. ಕಡಲೆಕಾಯಿ ತಿನ್ನುತ್ತಾ.)

೫

ಇಲ್ಲಿ ನನಗೂ ಅವಳಿಗೂ ಜಗಳವಾಯಿತು.

"ಬರಬೇಡಿ ಅಂತ ಒಂದು ಮಾತು ಹೇಳಮ್ಮ. ಅಲ್ಲಿಗೆ ಕಥೆ ಮುಂದೆ ಹೋಗುತ್ತೆ" ಎಂದೆ.

"ನೀವು ಹೇಳ್ತೀರಿ, ನಾಳೆ ಮನೆ ಖಾಲಿ ಮಾಡ್ಕೊಂಡು ಹೊರಡ್ತೀರಿ. ನಮ್ಮಪ್ಪ ಆಸ್ಪತ್ರೇಲಿದ್ದಾಗ ಇದೇ ಬು ಪಾರ್ಜಿ ವರಾಂಡದಲ್ಲಿ ಚಾಪೆ ಹಾಸ್ಕೊಂಡು ಬಿದ್ದಿದ್ರು. ಅಪ್ಪ ಹೋದಾಗ ಮೂರು ಹೊತ್ತೂ ನನಗೆ ಅನ್ನ ಕಲಸಿ ಕೊಟ್ಟಿದ್ದು ಅವ್ರೇ. ನಾನು ಒಂಟಿ ಹೆಂಗ್ಸು ಮಾಸ್. ಈ ಬಾಗಿಲು ಒಂದ್ಸಲ ಮುಚ್ಚಿದ್ರೆ, ನನಗೆ ಹುಷಾರಿಲ್ಲದೆ ಬಿದ್ದಾಗ ಅದನ್ನ ತಟ್ಟೋರು ಯಾರು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಇಷ್ಟು ವರ್ಷ ಬಾಯಿಗೆ ಬಂದಂತೆ ಬಳಸಿದ್ದೇನೆ. ನಿಜವಾಗಿಯೂ ಒಂದು ಹಾವನ್ನು ಎದುರಿಗಿಟ್ಟುಕೊಂಡು ಹಾಗೆ ಬದುಕುವುದು ಎಷ್ಟು ಕಷ್ಟ ಎಂದು ಯೋಚಿಸಿರಲಿಲ್ಲ.

೬

ಓದುಗರೇ, ತಾಳ್ಮೆ ಕಳೆದುಕೊಳ್ಳಬೇಡಿ, ಕೊನೆಗೂ ಏನೋ ಒಂದು ನಡೆಯಿತು. ಕ್ಲೆಪೊನ್ ಪೊರೆ ಬಿಟ್ಟಿತು. ಕಣ್ಣು ತಿಳಿಯಾದವು. ಓಣಿಯೆಲ್ಲ ಯಾರದೋ ಮದುವೆಗೆ ಹೋಗಿದ್ದ ಮಧ್ಯಾಹ್ನ, ಬೇರೆ ಯಾರೂ ಇಲ್ಲದ ಮನೆಯಲ್ಲಿ, ಅದು ಇಕ್ಕಳದಿಂದ ಇಲಿಯನ್ನು ಪಟ್ಟನೆ ಕಿತ್ತುಕೊಂಡು ನುಂಗಿತು. ಬಾಯಿಗೆ ಒತ್ತಿಕೊಳ್ಳಲು ಸೆರಗಿಲ್ಲದ್ದರಿಂದ ವೆನಿಂಗ್ ಕೈಗೆ ಸಿಕ್ಕ ಅಂಗಿಯ ತುಂಡನ್ನೇ ಒತ್ತಿ ಹಿಡಿದು ನಕ್ಕಳು. ಈ ನಗುವಿಗೆ ದವಡೆ ನೋಯಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು ನಾನು. ನಿಲ್ಲಿಸಲಿಲ್ಲ.

ಯಾರಿಗೂ ಹೇಳಬಾರದು ಅಂದುಕೊಂಡವಳು ಖುಷಿ ತಡೆಯಲಾರದೆ ಹೇಳಿದಳು. ಮದುವೆಯಿಂದ ಮರಳಿದ ಬಳಗವೆಲ್ಲ ಹಾಗೇ ಒಳಗೆ ನುಗ್ಗಿತು. "ಎಲ್ಲಿ ನಮ್ಮ ಮಗ? ಹೊಟ್ಟೆ ತೋರ್ಸೋ!" ಎಂದು ಬು ಪಾರ್ಜಿ ಕ್ಲೆಪೊನ್‌ನನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು. ಅದರ ಮೈಯಲ್ಲೊಂದು ಅಲೆ ಎದ್ದಿತು. ಬಾಯಿ ಅಗಲವಾಯಿತು. ನುಂಗಿದ ಇಲಿ ಹಾಗೆಯೇ, ನಾರುತ್ತಾ, ಬು ಪಾರ್ಜಿ ಮದುವೆಗೆಂದು ಉಟ್ಟಿದ್ದ ಬಟ್ಟೆಯ ಮೇಲೆ ಬಿತ್ತು.

ತೇಜೊ ಫೋನಿನಲ್ಲಿ ಬೈದ. "ಇನ್ನೊಂದ್ಸಲ ಹಿಂಗೆ ಕಕ್ಕಿದ್ರೆ ಉಳಿಯಲ್ಲ ಅಕ್ಕಾ. ಎರಡು ವಾರ ಬಿಡಿ, ಆಮೇಲೆ ಒಂದು ಸಣ್ಣ ಇಲಿ ಕೊಡಿ. ಒಬ್ಬರೂ ಮುಟ್ಬಾರ್ದು, ಒಬ್ಬರೂ ನೋಡ್ಬಾರ್ದು. ಇದೇ ಕೊನೇ ಅವಕಾಶ ಅಂದ್ಕೊಳ್ಳಿ."

೭

ಮುಕ್ತಾಯಗಳು. ಆರಿಸಿಕೊಳ್ಳಿ.

ಒಂದು: ಕ್ಲೆಪೊನ್ ಸಾಯುತ್ತದೆ. ಓಣಿಯೇ ಅತ್ತು ಮಣ್ಣು ಮಾಡುತ್ತದೆ. ("ನಿಮ್ಮ ಬಾಯಿಗೆ ಹುಳ ಬೀಳ್ಲಿ" ಎಂದಳು ವೆನಿಂಗ್.)

ಎರಡು: ಬು ಪಾರ್ಜಿಗೆ ಜ್ಞಾನೋದಯವಾಗಿ ಕೈಮುಗಿದು ಕ್ಷಮೆ ಕೇಳುತ್ತಾರೆ. (ಇದಕ್ಕೆ ವೆನಿಂಗ್ ಬಿದ್ದು ಬಿದ್ದು ನಕ್ಕಳು.)

ಮೂರು: ಉದ್ದಕೂದಲಿನ ತೇಜೊ ಹಾವಿನ ನೆಪದಲ್ಲಿ ಮನೆಗೆ ಬರತೊಡಗಿ— ("ಮಾಸ್! ನೀವೂನಾ?")

ಬೇರೇನೂ ಹೊಳೆಯಲಿಲ್ಲ. ಪೆನ್ನು ಕೆಳಗಿಟ್ಟೆ. ನಾನು ಪೆನ್ನು ಕೆಳಗಿಟ್ಟಿದ್ದಾಗಲೇ ಅವಳೇ ಒಂದು ಮುಕ್ತಾಯ ಮಾಡಿದಳು, ನನ್ನನ್ನು ಕೇಳದೆ.

೮

ಎರಡು ವಾರ ಕಳೆದ ದಿನ. ವೆನಿಂಗ್ ಇಲಿಯನ್ನು ಬಿಸಿನೀರಿಗೆ ಹಾಕಿದ್ದಳು. ಓಣಿಯ ತುದಿಯಿಂದ ಮತ್ತೆ ಅದೇ ಮೆರವಣಿಗೆ. ಮುಂದೆ ಬು ಪಾರ್ಜಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ವೆನಿಂಗ್ ಹೊಸ್ತಿಲಲ್ಲಿ ನಿಂತಳು.

"ಬು, ಇವತ್ತು ಒಳಗೆ ಬರ್ಬೇಡಿ."

"ಯಾಕೆ, ಮನೆ ಗಲೀಜಾಗಿದ್ಯಾ? ನಾವೇನು ಹೊರಗಿನೋರಾ?"

"ಗಲೀಜಲ್ಲ. ಬರ್ಬೇಡಿ ಅಷ್ಟೇ. ಅದು ನಿಮ್ಮನ್ನ ಕಂಡ್ರೆ ಹೆದರುತ್ತೆ. ನನಗೂ..." ನಿಲ್ಲಿಸಿದಳು. ಆಮೇಲೆ ಅಂದೇಬಿಟ್ಟಳು. "ನನಗೂ ಸಾಕಾಗಿದೆ ಬು. ದಿನಾ ಕೇಳಿಸ್ಕೊಂಡು ಕೇಳಿಸ್ಕೊಂಡು ಸಾಕಾಗಿದೆ."

ಇಂಥ ಮಾತು ಇಲ್ಲಿ ಯಾರೂ ಆಡುವುದಿಲ್ಲ. ಬು ಪಾರ್ಜಿಯ ಮುಖ ಸಣ್ಣದಾಯಿತು. ಉಳಿದವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದು ಮನೆ ಸೇರಿದರು. ವೆನಿಂಗ್ ಬಾಗಿಲು ಮುಚ್ಚಲು ಹೋದವಳು ನನ್ನನ್ನು ನೋಡಿದಳು. ನಾನು ಎಂದಿನಂತೆ ಒಳಗೇ, ಪೆಟ್ಟಿಗೆಯ ಪಕ್ಕ, ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ.

"ನೀವೂ ಏಳಿ."

"ನಾನಾ? ನಾನು ಮುಚ್ಚಳ ಮುಟ್ಟಲ್ಲಮ್ಮ. ತಿಂತೋ ಇಲ್ವೋ ಅಂತ ಒಂದು ಸಾಲು ಬರ್ಕೊಂಡು..."

"ಅವ್ರಾದ್ರೂ ಹಣ್ಣು ತಂದಿದ್ರು. ನೀವು ಬರೋದೂ ಬಂದು, ಲೆಕ್ಕ ಇಲ್ಲದಷ್ಟು ಜನಾನ ಹಿಂದೆ ಕರ್ಕೊಂಡು ಬಂದಿದ್ದೀರಿ. ಓದೋರು ಅಂತೆ. ಅವ್ರೆಲ್ಲ ಬಗ್ಗಿ ನೋಡ್ತಿದ್ರೆ ಅದು ಹೆಂಗೆ ತಿನ್ನುತ್ತೆ? ಹೊರಡಿ."

ಹೊರಬಂದೆ. ಚಿಲಕ ಬಿದ್ದ ಸದ್ದು ಕೇಳಿತು.

ಜಗಲಿಯಲ್ಲಿ ಬು ಪಾರ್ಜಿ ಒಬ್ಬರೇ ಬಾಳೆಹಣ್ಣು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅತ್ತಿದ್ದರೇನೋ. ನಾನು ಪಕ್ಕದಲ್ಲಿ ಕೂತೆ.

"ತಿಂತಂತಾ?" ಎಂದರು ಪಿಸುದನಿಯಲ್ಲಿ.

"ಗೊತ್ತಿಲ್ಲ ಬು."

"ನೀವೇ ತಾನೇ ಬರೀತಿರೋದು?"

ಕಿಟಕಿಯ ಬಾಗಿಲು ನಾಲ್ಕು ಬೆರಳು ತೆರೆದಿತ್ತು. ಒಳಗೆ ವೆನಿಂಗ್ ಮೊಣಕಾಲೂರಿದ್ದು, ಅವಳ ಕೈಯ ಇಕ್ಕಳ, ಪೆಟ್ಟಿಗೆಯ ಒಂದು ಮೂಲೆ ಕಾಣುತ್ತಿತ್ತು. ಕುತ್ತಿಗೆ ಸ್ವಲ್ಪ ಚಾಚಿದ್ದರೆ ನಿಮಗೆ ಬೇಕಾದ ಕೊನೆಯ ಸಾಲು ಸಿಗುತ್ತಿತ್ತು. ಚಾಚಿದೆ ಕೂಡಾ, ಸುಳ್ಳು ಯಾಕೆ.

ಬು ಪಾರ್ಜಿ ಎದ್ದರು. ಒಳಗೆ ನೋಡದೆ, ಮುಖ ಈ ಕಡೆ ತಿರುಗಿಸಿಕೊಂಡೇ, ಕಿಟಕಿಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು.

"ನಿಮ್ಮ ಓದೋರಿಗೂ ಹೇಳಿ," ಎಂದರು, "ಮನೆಗೆ ಹೋಗೋಕೆ."